ವಿಜ್ಞಾನಿ ಸ್ವಾಂಟೆ ಅರ್ಹೇನಿಯಸ್

ಪುಣೆ ಪಟ್ಟಣದ ಯಾವ ಭಾಗದಲ್ಲಿ ಪಾಯ ತೋಡಿದರೂ ಬಹುಮಟ್ಟಿಗೆ ಕರಿಗಲ್ಲೇ ದೊರೆಯುತ್ತದೆ. ಪಾತಾಳೇಶ್ವರದ ಗುಹಾಲಯವನ್ನು ಕೊರೆದಿರುವುದು ಈ ಕಲ್ಲಿನಲ್ಲಿ. ಸಿಂಹಗಡದ ಬೆಟ್ಟವು ಮೆಟ್ಟಿಲು ಮೆಟ್ಟಿಲಾಗಿ ಕಾಣುವುದು ಈ ಕಲ್ಲಿನ ಪದರಗಳಿಂದ. ನಮ್ಮಲ್ಲಿ ಹಲವರ ಹಿರಿಯರ ನಾಡಾದ ವಿಜಾಪುರದ ಗೋಳಗುಮ್ಮಟವನ್ನು ಕಟ್ಟಿರುವುದೂ ಇದೇ ಜಾತಿಯ ಕಲ್ಲಿನಿಂದ. ಇಂದು ಎತ್ತರದ ಮನೆಗಳಿಂದಲೂ ಗಣಕಯಂತ್ರದ ಕಚೇರಿಗಳಿಂದಲೂ ತುಂಬಿರುವ ಮಗರಪಟ್ಟಾ, ಕಳೆದ ಶತಮಾನದ ಕೊನೆಯವರೆಗೆ ಕಬ್ಬು ಬೆಳೆಯುವ ಹೊಲವಾಗಿತ್ತು. ಆ ಹೊಲದ ಕರಿಮಣ್ಣು ಸಹ ಈ ಕಲ್ಲು ಸವೆದು ಆದದ್ದೇ. ಸುಮಾರು ೬ ಕೋಟಿ ೬೦ ಲಕ್ಷ ವರ್ಷಗಳ ಹಿಂದೆ ನೆಲ ಬಿರಿದು, ಬೆಂಕಿಯ ದ್ರವವು ಪದರದ ಮೇಲೆ ಪದರವಾಗಿ ಹರಿದು, ದಖನ್ನಿನ ಈ ಶಿಲಾಸ್ತರವನ್ನು ನಿರ್ಮಿಸಿತು. ಇಂದಿಗೂ ಅದು ಸುಮಾರು ೫ ಲಕ್ಷ ಚದರ ಕಿಲೋಮೀಟರು ಭೂಮಿಯನ್ನು ಆವರಿಸಿಕೊಂಡಿದೆ.

ಆ ಕಾಲದಲ್ಲಿಯೂ ಅದರ ನಂತರದ ಬಹುದೀರ್ಘ ಕಾಲದಲ್ಲಿಯೂ ಭೂಮಿಯು ಇಂದಿಗಿಂತ ಬಹಳ ಬೆಚ್ಚಗಿತ್ತು. ಸುಮಾರು ೫ ಕೋಟಿ ವರ್ಷಗಳ ಹಿಂದೆ ಉತ್ತರ ಧ್ರುವದ ಸಮೀಪದ ಎಲ್ಸ್‌ಮಿಯರ್ ದ್ವೀಪದಲ್ಲಿ ಮೊಸಳೆಯ ಜಾತಿಯ ಪ್ರಾಣಿಗಳು ವಾಸಿಸುತ್ತಿದ್ದುವೆಂದು ಅವುಗಳ ಎಲುಬುಗಳು ಸಾರುತ್ತವೆ. ಇಂದು ಹಿಮದಿಂದ ಮುಚ್ಚಿರುವ ಸ್ಪಿಟ್ಸ್‌ಬರ್ಗನ್ನಿನಲ್ಲಿ ಅಡವಿಗಳು ಬೆಳೆದು ಕಲ್ಲಿದ್ದಲಾದುವು. ಇಷ್ಟು ಬಿಸಿ ಎಲ್ಲಿಂದ ಬಂದಿತು? ಈ ಪ್ರಶ್ನೆಯನ್ನು ಕೇಳಿದವರು ಅನೇಕರು. ಆದರೆ ಕಾಗದ ಪೆನ್ಸಿಲುಗಳನ್ನು ಹಿಡಿದು, ಇಡೀ ಭೂಮಂಡಲವನ್ನು ಅಂಕಿಗಳಲ್ಲಿ ಇಳಿಸಿ, ಹೋದ ಯುಗಗಳ ಬಿಸಿಯನ್ನೂ ಚಳಿಯನ್ನೂ ಲೆಕ್ಕದಿಂದ ಕಂಡುಹಿಡಿಯಲು ಹೊರಟವರಲ್ಲಿ ಮೊದಲಿಗನೆಂದು ಹೇಳಬಹುದಾದವನು ಸ್ವೀಡನ್ ದೇಶದ ಸ್ವಾಂಟೆ ಅರ್ಹೇನಿಯಸ್. ಆಮ್ಲ ಪ್ರತ್ಯಾಮ್ಲಗಳ ಪಾಠದಲ್ಲಿ ನಮ್ಮ ವಿದ್ಯಾರ್ಥಿಗಳು ಈತನ ಹೆಸರನ್ನು ಓದುತ್ತಾರೆ. ಆತನ ಇನ್ನೊಂದು ಮಹತ್ಕಾರ್ಯವನ್ನೂ ಅವರು ಅರಿಯಲೆಂದು ಈ ಜೀವನಚರಿತ್ರೆಯನ್ನು ಬರೆಯುತ್ತಿದ್ದೇವೆ.

ಅರ್ಹೇನಿಯಸನು ೧೮೫೯ನೆಯ ಇಸವಿ ಫೆಬ್ರವರಿ ೧೯ರಂದು ಉಪ್ಸಾಲಾ ನಗರದ ಸಮೀಪದ ವೀಕ್ ಎಂಬಲ್ಲಿ ಜನಿಸಿದನು. ತಂದೆಯು ಭೂಮಾಪಕನು, ಜಮೀನುಗಳ ಮೇಲ್ವಿಚಾರಣೆಯನ್ನೂ ನೋಡಿಕೊಳ್ಳುತ್ತಿದ್ದನು. ಬಾಲಕನು ಮೂರು ವರ್ಷದವನಿದ್ದಾಗಲೇ ಯಾರೂ ಹೇಳಿಕೊಡದೆ ಓದಲು ಕಲಿತನೆಂದೂ, ತಂದೆಯ ಲೆಕ್ಕದ ಪುಸ್ತಕಗಳನ್ನು ನೋಡುತ್ತ ನೋಡುತ್ತ ಕೂಡುವ ಕಳೆಯುವ ವಿದ್ಯೆಯನ್ನು ಸಾಧಿಸಿಕೊಂಡನೆಂದೂ ಹೇಳುತ್ತಾರೆ. ಉಷ್ಣಮಾಪಕದ ಮಾನಕ್ಕೆ ತನ್ನ ಹೆಸರನ್ನು ಕೊಟ್ಟ ಸೆಲ್ಸಿಯಸನು ಹಿಂದಿನ ಶತಮಾನದಲ್ಲಿ ಅಧ್ಯಾಪಕನಾಗಿದ್ದುದು ಇದೇ ಉಪ್ಸಾಲಾದ ವಿಶ್ವವಿದ್ಯಾಲಯದಲ್ಲಿ. ಅದೇ ನಗರದ ಕೆಥೆಡ್ರಲ್ ಶಾಲೆಯಲ್ಲಿ ಓದಿ, ಗಣಿತದಲ್ಲಿಯೂ ಭೌತಶಾಸ್ತ್ರದಲ್ಲಿಯೂ ಹೆಸರು ಗಳಿಸಿ, ೧೮೭೬ರಲ್ಲಿ ಅರ್ಹೇನಿಯಸನು ವಿಶ್ವವಿದ್ಯಾಲಯವನ್ನು ಸೇರಿದನು.

ಅಲ್ಲಿಯ ಬೋಧನೆಯು ಆತನಿಗೆ ತೃಪ್ತಿಯನ್ನು ನೀಡಲಿಲ್ಲ. ೧೮೮೧ರಲ್ಲಿ ರಾಜಧಾನಿಯಾದ ಸ್ಟಾಕ್‌ಹೋಮಿಗೆ ಹೋಗಿ ಎಡ್ಲುಂಡ್ ಎಂಬ ಭೌತವಿಜ್ಞಾನಿಯ ಬಳಿಯಲ್ಲಿ ಕೆಲಸಮಾಡತೊಡಗಿದನು. ಶುದ್ಧವಾದ ನೀರು ವಿದ್ಯುತ್ತನ್ನು ಒಯ್ಯುವುದು ಅತ್ಯಲ್ಪ. ಒಣಗಿದ ಉಪ್ಪಿನ ಹರಳೂ ಒಯ್ಯದು. ಆದರೆ ಉಪ್ಪನ್ನು ನೀರಿನಲ್ಲಿ ಕರಗಿಸಿದೊಡನೆ ವಿದ್ಯುತ್ತು ಸರಾಗವಾಗಿ ಹರಿಯುತ್ತದೆ. ಇದು ಹೇಗೆ? ಉಪ್ಪು ನೀರಿನಲ್ಲಿ ಕರಗಿದಾಗ ಅದರ ಕಣಗಳು ಧನ ಮತ್ತು ಋಣ ವಿದ್ಯುತ್ತನ್ನು ಹೊತ್ತ ತುಣುಕುಗಳಾಗಿ ತಾವಾಗಿಯೇ ಬೇರ್ಪಡುತ್ತವೆ ಎಂಬ ಅಭಿಪ್ರಾಯದತ್ತ ಆತನ ಪ್ರಯೋಗಗಳು ಸಾಗಿದುವು. ಈ ತುಣುಕುಗಳನ್ನೇ ನಾವು ಅಯಾನುಗಳೆಂದು ಕರೆಯುತ್ತೇವೆ.

೧೮೮೪ರಲ್ಲಿ ಈ ಪ್ರಯೋಗಗಳನ್ನು ಕುರಿತು ೧೫೦ ಪುಟಗಳ ಪ್ರೌಢಪ್ರಬಂಧವನ್ನು ಉಪ್ಸಾಲಾದಲ್ಲಿ ಒಪ್ಪಿಸಿದನು. ಪರೀಕ್ಷಕರಿಗೆ ಅದು ಹಿಡಿಸಲಿಲ್ಲ. ಪದವಿಯನ್ನು ನಿರಾಕರಿಸಲಿಲ್ಲವಾದರೂ, ಮುಂದೆ ಅಧ್ಯಾಪಕನಾಗುವ ಆಸೆಗೆ ಅಡ್ಡಿಯಾಗುವಷ್ಟು ಕೆಳಗಿನ ದರ್ಜೆಯನ್ನು ಕೊಟ್ಟರು. ಇಪ್ಪತ್ತೈದು ವರ್ಷದ ತರುಣನು ಎದೆಗುಂದದೆ ಪ್ರಬಂಧದ ಪ್ರತಿಗಳನ್ನು ಯುರೋಪಿನ ಹಿರಿಯ ವಿಜ್ಞಾನಿಗಳಿಗೆ ಅಂಚೆಯಲ್ಲಿ ಕಳುಹಿಸಿದನು. ರೀಗಾ ನಗರದ ಓಸ್ಟ್‌ವಾಲ್ಡನು ಅದನ್ನು ಓದಿ, ತಾನೇ ಉಪ್ಸಾಲಾಕ್ಕೆ ಪ್ರಯಾಣಮಾಡಿ ಬಂದು, ತನ್ನಲ್ಲಿ ಕೆಲಸ ಕೊಡುವೆನೆಂದು ಆಹ್ವಾನಿಸಿದನು. ಪರದೇಶದ ವಿದ್ವಾಂಸನು ಹೀಗೆ ಅರಸಿಕೊಂಡು ಬಂದ ಮೇಲೆ ತಾಯ್ನಾಡಿನವರ ಕಣ್ಣೂ ತೆರೆಯಿತು. ಉಪ್ಸಾಲಾದಲ್ಲಿಯೇ ಆತನಿಗೆ ಬೋಧಕನ ಸ್ಥಾನ ದೊರೆಯಿತು. ಬಳಿಕ ವಿದ್ಯಾರ್ಥಿವೇತನವನ್ನು ಪಡೆದು ಓಸ್ಟ್‌ವಾಲ್ಡ್, ಬೋಲ್ಟ್ಸ್‌ಮನ್, ವಾಂಟ್ ಹಾಫ್ ಮೊದಲಾದವರ ಪ್ರಯೋಗಶಾಲೆಗಳಲ್ಲಿ ದುಡಿದನು; ಆ ನಡುವೆ ೧೮೮೭ರಲ್ಲಿ ತನ್ನ ಸಿದ್ಧಾಂತವನ್ನು ಪೂರ್ಣರೂಪದಲ್ಲಿ ಪ್ರಕಟಿಸಿದನು. ಕೆಳದರ್ಜೆಯ ಪ್ರಬಂಧದಿಂದ ಬೆಳೆದ ಆ ಸಿದ್ಧಾಂತಕ್ಕೇ ೧೯೦೩ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಸ್ವೀಡನ್ನಿನವರಲ್ಲಿ ಆ ಪಾರಿತೋಷಕವನ್ನು ಮೊದಲು ಪಡೆದವನು ಆತನೇ.

ಇನ್ನು ನಾವು ಮುಖ್ಯವಾಗಿ ಹೇಳಬೇಕೆಂದಿರುವ ಕಾರ್ಯಕ್ಕೆ ಬರೋಣ. ೧೮೯೧ರಲ್ಲಿ ಅರ್ಹೇನಿಯಸನು ಸ್ಟಾಕ್‌ಹೋಮಿನ ಉನ್ನತ ವಿದ್ಯಾಶಾಲೆಯಲ್ಲಿ ಉಪನ್ಯಾಸಕನಾದನು. ಆ ದಿನಗಳಲ್ಲಿ ಅಲ್ಲಿಯ ವಿದ್ವಾಂಸರು ಒಟ್ಟುಗೂಡಿ ಹಿಮಯುಗವನ್ನು ಕುರಿತು ಚರ್ಚಿಸುತ್ತಿದ್ದರು. ಒಂದಾನೊಂದು ಕಾಲದಲ್ಲಿ ಸ್ವೀಡನ್ ದೇಶವೆಲ್ಲವೂ ದಪ್ಪನಾದ ಹಿಮದ ಹೊದಿಕೆಯ ಕೆಳಗೆ ಹುದುಗಿತ್ತೆಂಬುದಕ್ಕೆ ಬಂಡೆಗಳ ಮೇಲಿನ ಗೀರುಗಳು ಸಾಕ್ಷಿಯಾಗಿದ್ದುವು. ಅದಕ್ಕೂ ಹಿಂದೆ, ತೃತೀಯ ಯುಗವೆಂದು ಕರೆಯುವ ಕಾಲದಲ್ಲಿ, ಧ್ರುವಪ್ರದೇಶವು ಬೆಚ್ಚಗಿತ್ತೆಂಬುದಕ್ಕೆ ಶಿಲೆಯಾದ ಎಲೆಗಳು ಸಾಕ್ಷಿ ನುಡಿಯುತ್ತಿದ್ದುವು. ಒಂದೇ ಭೂಮಿ, ಒಂದೇ ಸೂರ್ಯ. ಹೀಗಿರಲು ಇಷ್ಟು ಅಂತರವೇಕೆ?

ಗಾಳಿಯು ಭೂಮಿಯ ಶಾಖವನ್ನು ತಡೆದಿಡುತ್ತದೆಯೆಂದು ಫ್ರಾನ್ಸಿನ ಫೂರಿಯೆ ೧೮೨೪ರಲ್ಲಿಯೇ ಸೂಚಿಸಿದ್ದನು. ನೀರಾವಿಯೂ ಇಂಗಾಲದ ಡೈಆಕ್ಸೈಡ್ ಅನಿಲವೂ ಶಾಖಕಿರಣಗಳನ್ನು ಹೀರುತ್ತವೆಯೆಂದು ಟಿಂಡಲನು ೧೮೫೯ರಲ್ಲಿ, ಎಂದರೆ ಅರ್ಹೇನಿಯಸನು ಹುಟ್ಟಿದ ವರ್ಷದಲ್ಲಿಯೇ, ಪ್ರಯೋಗದಿಂದ ತೋರಿಸಿದ್ದನು. ಅಮೆರಿಕದ ಯೂನಿಸ್ ಫೂಟ್ ಎಂಬ ಮಹಿಳೆಯು ೧೮೫೬ರಲ್ಲಿ, ಈ ಅನಿಲವನ್ನು ತುಂಬಿದ ಗಾಜಿನ ಕೊಳವೆಯು ಬಿಸಿಲಿನಲ್ಲಿ ಸಾಮಾನ್ಯ ಗಾಳಿಯ ಕೊಳವೆಗಿಂತ ಹೆಚ್ಚು ಕಾಯುವುದನ್ನು ಕಂಡಿದ್ದಳು. ಆದರೆ ಅನಿಲವು ಇಷ್ಟು ಹೆಚ್ಚಿದರೆ ಬಿಸಿಯು ಎಷ್ಟು ಹೆಚ್ಚುವುದು, ಇಷ್ಟು ಕುಗ್ಗಿದರೆ ಎಷ್ಟು ಕುಗ್ಗುವುದು ಎಂಬುದನ್ನು ಇಡೀ ಭೂಮಿಗಾಗಿ ಯಾರೂ ಲೆಕ್ಕ ಹಾಕಿರಲಿಲ್ಲ.

೧೮೯೪ರ ಕ್ರಿಸ್‌ಮಸ್ ಹಬ್ಬದ ಹಿಂದಿನ ದಿನ ಅರ್ಹೇನಿಯಸನು ಈ ಲೆಕ್ಕಕ್ಕೆ ಕೈಹಾಕಿದನೆಂದು ಹೇಳುತ್ತಾರೆ. ಲೆಕ್ಕಕ್ಕೆ ಬೇಕಾದ ಅಳತೆಗಳನ್ನು ಅಮೆರಿಕದ ಲ್ಯಾಂಗ್ಲೆ ಎಂಬ ಖಗೋಲವಿಜ್ಞಾನಿಯಿಂದ ಪಡೆದನು. ಲ್ಯಾಂಗ್ಲೆಯು ಅತಿಸೂಕ್ಷ್ಮವಾದ ಯಂತ್ರದಿಂದ ಚಂದ್ರನ ಶಾಖವನ್ನು ಅಳೆದಿದ್ದನು. ಚಂದ್ರನು ನೆತ್ತಿಯ ಮೇಲಿದ್ದಾಗ ಅವನ ಕಿರಣಗಳು ಸ್ವಲ್ಪ ಗಾಳಿಯನ್ನು ಹಾದುಬರುತ್ತವೆ. ದಿಗಂತದ ಬಳಿಯಿದ್ದಾಗ ಬಹಳ ಗಾಳಿಯನ್ನು ಹಾದುಬರುತ್ತವೆ. ಈ ಎರಡರ ವ್ಯತ್ಯಾಸದಿಂದ, ಗಾಳಿಯಲ್ಲಿರುವ ಅನಿಲವೂ ನೀರಾವಿಯೂ ಎಷ್ಟು ಶಾಖವನ್ನು ಹೀರುತ್ತವೆಯೆಂಬುದನ್ನು ಅರ್ಹೇನಿಯಸನು ತೆಗೆದನು.

ಆಮೇಲೆ ಭೂಗೋಲವನ್ನು ೭೦ ಡಿಗ್ರಿ ಉತ್ತರದಿಂದ ೬೦ ಡಿಗ್ರಿ ದಕ್ಷಿಣದವರೆಗೆ ಹತ್ತು ಹತ್ತು ಡಿಗ್ರಿಯ ೧೩ ಪಟ್ಟಿಗಳಾಗಿ ವಿಂಗಡಿಸಿದನು. ಪ್ರತಿಯೊಂದು ಪಟ್ಟಿಗೂ ವರ್ಷದ ನಾಲ್ಕು ಋತುಭಾಗಗಳು. ಪ್ರತಿಯೊಂದಕ್ಕೂ ಅನಿಲದ ಐದು ಪ್ರಮಾಣಗಳು. ಎಂದರೆ ೧೩, ೪ ಮತ್ತು ೫ನ್ನು ಗುಣಿಸಿದಾಗ ಬರುವ ೨೬೦ ಉತ್ತರಗಳು ಬೇಕಾದುವು. ಒಂದೊಂದು ಉತ್ತರಕ್ಕೂ ಹಿಂದೆ ಮುಂದೆ ಅನೇಕ ಲೆಕ್ಕಗಳು. ಗಾಳಿಯು ಬಿಸಿಯಾದರೆ ಹೆಚ್ಚು ನೀರಾವಿಯನ್ನು ಹಿಡಿಯುತ್ತದೆ; ಆ ನೀರಾವಿಯು ಮತ್ತಷ್ಟು ಶಾಖವನ್ನು ತಡೆಯುತ್ತದೆ; ಆದುದರಿಂದ ಒಮ್ಮೆ ಬಂದ ಉತ್ತರವನ್ನು ತಿದ್ದಿ ಮತ್ತೆ ಲೆಕ್ಕ ಹಾಕಬೇಕು. ಹಿಮವು ಬಿಸಿಲನ್ನು ಹಿಂದಕ್ಕೆ ಚಿಮ್ಮಿಸುವುದನ್ನೂ, ಮೋಡಗಳ ನೆರಳನ್ನೂ ಗಮನಿಸಬೇಕು. ಹೀಗೆ ಹತ್ತಾರು ಸಾವಿರ ಲೆಕ್ಕಗಳನ್ನು ಕೈಯಿಂದಲೇ ಮಾಡಿದನು. ಇದಕ್ಕೆ ಸುಮಾರು ಒಂದು ವರ್ಷ ಹಿಡಿಯಿತು. ಮನೆಯಲ್ಲಿಯೂ ಆ ವರ್ಷ ನೆಮ್ಮದಿಯಿರಲಿಲ್ಲ. ೧೮೯೪ರಲ್ಲಿ ಆತನು ತನ್ನ ಶಿಷ್ಯೆಯೂ ವಿದುಷಿಯೂ ಆದ ಸೋಫಿಯಾ ರುಡ್‌ಬೆಕ್ಕಳನ್ನು ವಿವಾಹವಾಗಿದ್ದನು. ೧೮೯೫ರಲ್ಲಿ ಗಂಡುಮಗುವೂ ಜನಿಸಿತು. ಆದರೆ ದಾಂಪತ್ಯವು ಮುರಿದು ೧೮೯೬ರಲ್ಲಿ ವಿಚ್ಛೇದನವಾಯಿತು. ಲೆಕ್ಕವನ್ನು ಮಾತ್ರ ಆತನು ನಡುವೆ ಬಿಡಲಿಲ್ಲ.

೧೮೯೬ರ ಏಪ್ರಿಲಿನಲ್ಲಿ ಫಲಿತಾಂಶವು ಇಂಗ್ಲೆಂಡಿನ ಒಂದು ಪತ್ರಿಕೆಯಲ್ಲಿ ಪ್ರಕಟವಾಯಿತು. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡು ಆಗಿನ ಪ್ರಮಾಣದ ನೂರರಲ್ಲಿ ೫೫ರಿಂದ ೬೨ ಭಾಗಕ್ಕೆ ಇಳಿದರೆ, ಹಿಮಯುಗಕ್ಕೆ ಸಾಕಾಗುವಂತೆ ಉಷ್ಣತೆಯು ೪ರಿಂದ ೫ ಡಿಗ್ರಿ ಕಡಮೆಯಾಗುವುದು. ಅದು ಎರಡೂವರೆಯಿಂದ ಮೂರು ಪಟ್ಟು ಹೆಚ್ಚಿದರೆ ಉತ್ತರಧ್ರುವದ ಪ್ರದೇಶಗಳು ೮ರಿಂದ ೯ ಡಿಗ್ರಿ ಬೆಚ್ಚಗಾಗುವುವು. ತೃತೀಯ ಯುಗದ ಅಡವಿಗಳು ಅಲ್ಲಿ ಬೆಳೆದುದಕ್ಕೆ ಇದು ಸಾಕಾದ ಕಾರಣ. ಎರಡು ಪಟ್ಟಾದರೆ ಭೂಮಿಯು ಸುಮಾರು ೫ರಿಂದ ೬ ಡಿಗ್ರಿ ಬಿಸಿಯಾಗುವುದು. ಈ ಬಿಸಿಯು ಸಮಭಾಜಕಕ್ಕಿಂತ ಧ್ರುವದ ಕಡೆಗೆ, ಬೇಸಗೆಗಿಂತ ಚಳಿಗಾಲದಲ್ಲಿ, ಸಮುದ್ರಕ್ಕಿಂತ ನೆಲದ ಮೇಲೆ ಹೆಚ್ಚಾಗಿರುವುದು. ಅನಿಲವು ಹೆಚ್ಚುಕಡಮೆಯಾಗುವುದು ಹೇಗೆಂಬುದಕ್ಕೆ ಆತನ ಸಹೋದ್ಯೋಗಿಯಾದ ಭೂವಿಜ್ಞಾನಿ ಹೋಗ್‌ಬಾಮನು ಉತ್ತರ ಒದಗಿಸಿದನು: ಜ್ವಾಲಾಮುಖಿಗಳು ಅದನ್ನು ಹೊರಗೆಡಹುತ್ತವೆ, ಕಲ್ಲುಗಳು ಸವೆಯುವಾಗಲೂ ಸಮುದ್ರದಲ್ಲಿ ಸುಣ್ಣಕಲ್ಲು ಕಟ್ಟುವಾಗಲೂ ಅದು ಗಾಳಿಯಿಂದ ಹಿಂದೆ ಸೇರುತ್ತದೆ. ನಮ್ಮ ದಖನ್ನಿನ ಕರಿಗಲ್ಲು ಹೊರಬಂದಾಗ ಹಿಂಡಿದ ಅನಿಲವೂ, ಅದೇ ಕಲ್ಲು ಮಳೆಗೆ ಸವೆಯುತ್ತ ನುಂಗಿದ ಅನಿಲವೂ ಈ ಜಮಾ ಖರ್ಚಿನ ಪುಸ್ತಕಕ್ಕೆ ಸೇರಿದವೇ.

ಅದೇ ೧೮೯೬ರ ಬೇಸಗೆಯಲ್ಲಿ, ಬೆಲೂನಿನಲ್ಲಿ ಕುಳಿತು ಉತ್ತರಧ್ರುವವನ್ನು ಮುಟ್ಟಬೇಕೆಂದಿದ್ದ ಆಂಡ್ರೆ ಎಂಬ ಸಾಹಸಿಯ ತಂಡದೊಡನೆ ಅರ್ಹೇನಿಯಸನು ಸ್ಪಿಟ್ಸ್‌ಬರ್ಗನ್ನಿಗೆ ಪ್ರಯಾಣಮಾಡಿದನು. ಅನುಕೂಲವಾದ ಗಾಳಿ ಬೀಸದಿದ್ದುದರಿಂದ ಆ ವರ್ಷ ಬೆಲೂನು ಹಾರಲಿಲ್ಲ. ಮರುವರ್ಷ ಹಾರಿದ ಆಂಡ್ರೆಯೂ ಅವನ ಇಬ್ಬರು ಸಂಗಡಿಗರೂ ಜೀವಸಹಿತ ಹಿಂದಿರುಗಲಿಲ್ಲ.

ಕಲ್ಲಿದ್ದಲನ್ನು ಸುಡುವುದರಿಂದ ಮನುಷ್ಯನೂ ಗಾಳಿಗೆ ಈ ಅನಿಲವನ್ನು ಸೇರಿಸುತ್ತಿದ್ದಾನೆಂದು ಅರ್ಹೇನಿಯಸನು ಬಲ್ಲವನಾಗಿದ್ದನು. ೧೯೦೬ರಲ್ಲಿ ಜನಸಾಮಾನ್ಯರಿಗಾಗಿ ಬರೆದ ಪುಸ್ತಕದಲ್ಲಿ ಇದರಿಂದ ಭೂಮಿಯು ಬೆಚ್ಚಗಾಗುವುದೆಂದೂ ತಿಳಿಸಿದನು. ಆದರೆ ಚಳಿಯ ದೇಶದಲ್ಲಿ ಹುಟ್ಟಿದ ಆತನಿಗೆ ಇದು ಕೇಡೆಂದು ತೋರಲಿಲ್ಲ; ಮುಂದಿನ ಜನಾಂಗಗಳಿಗೆ ಹಿತವಾದ ಹವೆಯೂ ಹೆಚ್ಚು ಬೆಳೆಯೂ ದೊರೆಯುವುವೆಂದು ಭಾವಿಸಿದನು. ಮಳೆಯನ್ನೇ ನಂಬಿದ ನಮ್ಮಂತಹ ಬಿಸಿನಾಡಿನವರ ಪಾಡನ್ನು ಆತನು ಎಣಿಸಿದಂತೆ ಕಾಣುವುದಿಲ್ಲ. ಆತನ ಬಾಳಿನಲ್ಲಿ ಮತ್ತೊಂದು ಕಲೆಯೂ ಇದೆ. ಮನುಷ್ಯರ ತಳಿಗಳಲ್ಲಿ ಮೇಲು ಕೀಳೆಂದು ಎಣಿಸುವ, ಇಂದು ವಿಜ್ಞಾನವೂ ನೀತಿಯೂ ಒಟ್ಟಾಗಿ ತಿರಸ್ಕರಿಸಿರುವ ವಿಚಾರಕ್ಕಾಗಿ ಸ್ವೀಡನ್ನಿನಲ್ಲಿ ೧೯೦೯ರಲ್ಲಿ ಹುಟ್ಟಿದ ಸಂಘದಲ್ಲಿ ಆತನು ಸೇರಿದ್ದನು. ದೊಡ್ಡವರ ಚರಿತ್ರೆಯನ್ನು ಓದುವಾಗ ಗುಣವನ್ನು ಕಲಿಯುವಂತೆಯೇ ದೋಷವನ್ನೂ ಗುರುತಿಸಬೇಕು.

ಆತನ ಲೆಕ್ಕವನ್ನು ವಿದ್ವಾಂಸರು ಬಹುಕಾಲ ಒಪ್ಪಲಿಲ್ಲ. ಅದೇ ದೇಶದ ಕ್ನೂಟ್ ಆಂಗ್‌ಸ್ಟ್ರೋಮನು ೧೯೦೦ರಲ್ಲಿ ಕೊಳವೆಯಲ್ಲಿ ಅನಿಲವನ್ನು ತುಂಬಿ ಪರೀಕ್ಷಿಸಿದನು. ಈಗಾಗಲೇ ಇರುವ ಅನಿಲವು ಹೀರಬಹುದಾದ ಕಿರಣಗಳನ್ನೆಲ್ಲ ಹೀರಿಬಿಟ್ಟಿದೆ, ಇನ್ನಷ್ಟು ಸೇರಿಸಿದರೂ ವ್ಯತ್ಯಾಸವಾಗದು ಎಂದು ತೀರ್ಮಾನಿಸಿದನು. ಕೊಳವೆಯ ಗಾಳಿಗೆ ಇದು ಸಲ್ಲಬಹುದು. ಆಕಾಶದ ಗಾಳಿಗೆ ಸಲ್ಲದು. ಭೂಮಿಯ ಶಾಖವು ಕೊನೆಗೆ ಹೊರಬೀಳುವುದು ಮೇಲಿನ ತೆಳುವಾದ ಪದರಗಳಿಂದ. ಅನಿಲವು ಹೆಚ್ಚಿದಂತೆ ಆ ಹೊರಬೀಳುವ ಎಡೆಯು ಇನ್ನೂ ಮೇಲಕ್ಕೆ, ಇನ್ನೂ ತಣ್ಣಗಿರುವ ಸ್ಥಳಕ್ಕೆ ಏರುತ್ತದೆ. ತಣ್ಣಗಿರುವ ಗಾಳಿಯು ಕಡಮೆ ಶಾಖವನ್ನು ಹೊರಗೆ ಕಳುಹಿಸುತ್ತದೆ. ಉಳಿದ ಶಾಖವು ಕೆಳಗೇ ನಿಲ್ಲುತ್ತದೆ. ಈ ಸಂಗತಿಯು ಸ್ಪಷ್ಟವಾಗಿ ತಿಳಿಯಲು ಅರ್ಧ ಶತಮಾನ ಹಿಡಿಯಿತು.

ಅರ್ಹೇನಿಯಸನು ಅದನ್ನು ಕಾಣಲು ಉಳಿಯಲಿಲ್ಲ. ೧೯೦೫ರಲ್ಲಿ ಭೌತರಸಾಯನದ ನೊಬೆಲ್ ಸಂಸ್ಥೆಗೆ ನಿರ್ದೇಶಕನಾಗಿ, ಅದೇ ವರ್ಷ ಮರಿಯಾ ಯೋಹಾನ್ಸನ್ನಳನ್ನು ಮದುವೆಯಾಗಿ, ಕೊನೆಯವರೆಗೂ ಬರವಣಿಗೆಯಲ್ಲಿ ತೊಡಗಿದ್ದು, ೧೯೨೭ರ ಅಕ್ಟೋಬರ್ ೨ರಂದು ಸ್ಟಾಕ್‌ಹೋಮಿನಲ್ಲಿ ನಿಧನನಾದನು. ಆತನ ದೇಹವನ್ನು ಉಪ್ಸಾಲಾದಲ್ಲಿ ಸಮಾಧಿ ಮಾಡಿದರು. ಆತನ ಮೊಮ್ಮಗನಾದ ಗುಸ್ತಾಫ್ ಅರ್ಹೇನಿಯಸನು ೧೯೪೭-೪೮ರಲ್ಲಿ ಆಲ್ಬಟ್ರಾಸ್ ಹಡಗಿನಲ್ಲಿ ಸಾಗಿ, ಸಮುದ್ರತಳದ ಕೆಸರನ್ನು ಮೇಲಕ್ಕೆತ್ತಿ, ಅದರ ಪದರಗಳಲ್ಲಿ ಹಳೆಯ ಹವೆಯ ಗುರುತುಗಳನ್ನು ಓದಿದನು.

ಅರ್ಹೇನಿಯಸನು ತೀರಿಕೊಂಡ ಮರುವರ್ಷ, ೧೯೨೮ರಲ್ಲಿ, ಭಾರತದ ಹವಾಮಾನ ಇಲಾಖೆಯ ಮುಖ್ಯ ಕಚೇರಿಯು ಸಿಮ್ಲಾದಿಂದ ನಮ್ಮ ಪುಣೆಗೆ ಬಂದಿತು. ಶಿವಾಜಿನಗರದ ಆ ಕಟ್ಟಡವನ್ನು ಜನರು ಇಂದಿಗೂ ಸಿಮ್ಲಾ ಆಫೀಸೆಂದೇ ಕರೆಯುತ್ತಾರೆ. ೧೯೬೨ರಲ್ಲಿ ಉಷ್ಣವಲಯದ ಹವಾಮಾನ ಸಂಸ್ಥೆಯು ಪುಣೆಯಲ್ಲಿ ಸ್ಥಾಪಿತವಾಯಿತು; ಈಗ ಅದು ಪಾಷಾಣದಲ್ಲಿದೆ. ೧೯೯೧ರಲ್ಲಿ ಪುಣೆಯ ಸಿ-ಡ್ಯಾಕ್ ಸಂಸ್ಥೆಯು ಪರಮ್ ೮೦೦೦ ಎಂಬ ಮಹಾಗಣಕವನ್ನು ನಿರ್ಮಿಸಿತು. ಪಾಷಾಣದ ಸಂಸ್ಥೆಯಲ್ಲಿ ೨೦೧೮ರಲ್ಲಿ ಪ್ರತ್ಯೂಷ್ ಎಂಬ ಗಣಕವೂ, ೨೦೨೪ರಲ್ಲಿ ಅರ್ಕ ಎಂಬ ಗಣಕವೂ ಕೆಲಸಕ್ಕೆ ತೊಡಗಿದುವು. ಅರ್ಕದ ಸಾಮರ್ಥ್ಯವು ೧೧.೭೭ ಪೆಟಾಫ್ಲಾಪ್. ಒಂದು ಪೆಟಾಫ್ಲಾಪ್ ಎಂದರೆ ಒಂದು ಸೆಕೆಂಡಿಗೆ ಸಾವಿರ ಲಕ್ಷ ಕೋಟಿ ಲೆಕ್ಕ. ಅರ್ಹೇನಿಯಸನ ವರ್ಷದ ದುಡಿಮೆಯು ಇಂತಹ ಯಂತ್ರಕ್ಕೆ ಕಣ್ಣು ಮಿಟುಕಿಸುವ ಹೊತ್ತಿನ ಕೆಲಸವೂ ಅಲ್ಲ.

ಆದರೂ ಕೆಲಸದ ಬಗೆ ಒಂದೇ. ಆತನು ಭೂಮಿಯನ್ನು ೧೩ ಪಟ್ಟಿಗಳಾಗಿ ಭಾಗಿಸಿದನು. ಗಣಕವು ನೂರಿನ್ನೂರು ಕಿಲೋಮೀಟರಿನ ಸಹಸ್ರಾರು ಚೌಕಗಳಾಗಿ ಭಾಗಿಸಿ, ಒಂದರ ಮೇಲೊಂದು ಪದರಗಳನ್ನು ಜೋಡಿಸಿ, ಗಾಳಿಯ ಚಲನೆಯನ್ನೂ ಸಮುದ್ರದ ಪ್ರವಾಹವನ್ನೂ ಗಂಟೆ ಗಂಟೆಗೂ ಎಣಿಸುತ್ತದೆ. ಜಪಾನಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲಸಿದ ಮನಾಬೆ ಎಂಬ ವಿಜ್ಞಾನಿಯು ೧೯೬೭ರಲ್ಲಿ ವೆದರಾಲ್ಡನೊಡನೆ ಇಂತಹ ಲೆಕ್ಕಕ್ಕೆ ಭದ್ರವಾದ ತಳಹದಿಯನ್ನು ಹಾಕಿ, ೨೦೨೧ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು. ಅನಿಲವು ಎರಡು ಪಟ್ಟಾದರೆ ಸುಮಾರು ೩ ಡಿಗ್ರಿ ಬಿಸಿ ಏರುವುದೆಂಬುದು ಈಗಿನ ಅಂದಾಜು. ಅರ್ಹೇನಿಯಸನ ಅಂಕಿಯು ಹೆಚ್ಚಾಯಿತು; ಆತನಿಗೆ ದೊರೆತ ಅಳತೆಗಳು ಒರಟಾಗಿದ್ದುವು. ಹಿಮಯುಗಗಳನ್ನು ಆರಂಭಿಸುವುದು ಭೂಮಿಯ ಕಕ್ಷೆಯ ನಿಧಾನವಾದ ಬದಲಾವಣೆಯೆಂದೂ, ಅನಿಲವು ಆ ಚಳಿಯನ್ನು ಬಲಪಡಿಸುವುದೆಂದೂ ಈಗ ತಿಳಿದಿದೆ. ಆದರೆ ಅಂಟಾರ್ಕ್ಟಿಕದ ಹಿಮದಲ್ಲಿ ಸಿಕ್ಕಿಬಿದ್ದ ಗಾಳಿಯ ಗುಳ್ಳೆಗಳನ್ನು ಪರೀಕ್ಷಿಸಿದಾಗ, ಹಿಮಯುಗದಲ್ಲಿ ಈ ಅನಿಲವು ಹತ್ತು ಲಕ್ಷಕ್ಕೆ ೧೮೦-೧೯೦ ಭಾಗದಷ್ಟಿತ್ತೆಂದು ಕಂಡುಬಂದಿತು. ಕೈಗಾರಿಕೆಗಳಿಗೆ ಮುಂಚಿನ ೨೮೦ ಭಾಗಕ್ಕೆ ಹೋಲಿಸಿದರೆ ಅದು ಸುಮಾರು ಮೂರರಲ್ಲಿ ಎರಡು ಪಾಲು. ಪೆನ್ಸಿಲಿನ ಲೆಕ್ಕವು ಬಹಳ ದೂರ ಹೋಗಿರಲಿಲ್ಲ.

ಹಳೆಯ ಬಿಸಿ ಯುಗಗಳನ್ನು ಗಣಕದಲ್ಲಿ ಮರಳಿ ಕಟ್ಟುವುದು ಏತಕ್ಕೆಂದು ವಿದ್ಯಾರ್ಥಿಗಳು ಕೇಳಬಹುದು. ನಾಳಿನ ಹವೆಯನ್ನು ಹೇಳುವ ಮಾದರಿಯು ಸರಿಯೇ ತಪ್ಪೇ ಎಂದು ಪರೀಕ್ಷಿಸಲು ನಾಳೆಯವರೆಗೆ ಕಾಯಬೇಕು. ನಿನ್ನೆಯ ಹವೆಯಾದರೋ ಕಲ್ಲಿನಲ್ಲಿಯೂ ಚಿಪ್ಪಿನಲ್ಲಿಯೂ ಬರೆದಿಟ್ಟಿದೆ. ಆದುದರಿಂದ ೫ ಕೋಟಿ ವರ್ಷಗಳ ಹಿಂದಿನ ಖಂಡಗಳ ಸ್ಥಾನವನ್ನೂ ಅಂದಿನ ಅನಿಲದ ಪ್ರಮಾಣವನ್ನೂ ಗಣಕಕ್ಕೆ ಕೊಟ್ಟು, ಬಂದ ಉತ್ತರವನ್ನು ಪಳೆಯುಳಿಕೆಗಳೊಡನೆ ತಾಳೆ ನೋಡುತ್ತಾರೆ. ೨೦೨೦ರಲ್ಲಿ ಅಮೆರಿಕದ ಒಂದು ಹೊಸ ಮಾದರಿಯನ್ನು ಹೀಗೆ ಒರೆಗೆ ಹಚ್ಚಿದಾಗ, ಉಷ್ಣವಲಯದ ನೆಲವು ಗಿಡಮರಗಳು ಬದುಕಲಾರದಷ್ಟು ಕಾದಿತ್ತೆಂಬ ಉತ್ತರ ಬಂದಿತು. ಆದರೆ ಆ ಯುಗದಲ್ಲಿ ಗುಜರಾತಿನ ವಸ್ತಾನಿನಲ್ಲಿ ದಟ್ಟವಾದ ಅಡವಿ ಬೆಳೆದಿತ್ತೆಂಬುದಕ್ಕೆ ಅಲ್ಲಿಯ ಗಣಿಯಲ್ಲಿ ದೊರೆತ, ಕೀಟಗಳನ್ನು ಒಳಗಿಟ್ಟುಕೊಂಡ ಮರದ ಅಂಟಿನ ಗಟ್ಟಿಗಳೇ ಸಾಕ್ಷಿ. ಮಾದರಿಯಲ್ಲಿ ಮೋಡಗಳ ಲೆಕ್ಕವು ಅತಿಯಾಗಿತ್ತೆಂದು ಇದರಿಂದ ತಿಳಿದುಬಂದಿತು. ನಮ್ಮ ದೇಶದವರೂ ಈ ಕಾರ್ಯದಲ್ಲಿ ಹಿಂದೆ ಬಿದ್ದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು ಕಳೆದ ೨೨,೦೦೦ ವರ್ಷಗಳ ಮಾನ್ಸೂನನ್ನು ಮಾದರಿಯ ಮೂಲಕ ವಿವೇಚಿಸಿದ್ದಾರೆ. ಪಾಷಾಣದ ಸಂಸ್ಥೆಯಲ್ಲಿ ಸಿದ್ಧವಾದ ಭೂಮಂಡಲದ ಮಾದರಿಯ ಫಲಿತಾಂಶಗಳು ೨೦೨೧ರ ಅಂತರರಾಷ್ಟ್ರೀಯ ವರದಿಗೆ ಸಂದಿವೆ.

೨೦೨೪ರಲ್ಲಿ ಗಾಳಿಯ ಇಂಗಾಲದ ಡೈಆಕ್ಸೈಡು ಹತ್ತು ಲಕ್ಷಕ್ಕೆ ೪೨೦ ಭಾಗವನ್ನು ಮೀರಿತು. ಸುಮಾರು ೩೦ ಲಕ್ಷ ವರ್ಷಗಳ ಹಿಂದೆ ಅದು ಹೆಚ್ಚುಕಡಮೆ ಇಷ್ಟೇ ಇದ್ದಾಗ, ಕೈಗಾರಿಕೆಗಳಿಗೆ ಮುಂಚಿನ ಕಾಲಕ್ಕಿಂತ ಭೂಮಿಯು ಎರಡೂವರೆಯಿಂದ ನಾಲ್ಕು ಡಿಗ್ರಿ ಬಿಸಿಯಾಗಿತ್ತು. ಸಮುದ್ರವು ೫ರಿಂದ ೨೫ ಮೀಟರು ಮೇಲಿತ್ತು. ಅಷ್ಟು ಏರಲು ಸಮುದ್ರಕ್ಕೆ ಶತಮಾನಗಳು, ಸಹಸ್ರಮಾನಗಳು ಬೇಕು. ಎಷ್ಟು ಏರುವುದೆಂಬುದು ನಾವು ಮುಂದೆ ಎಷ್ಟು ಸುಡುತ್ತೇವೆಂಬುದನ್ನು ಅವಲಂಬಿಸಿದೆ. ಆ ನಿರ್ಣಯದಲ್ಲಿ ಇಂದು ನಮ್ಮ ತರಗತಿಗಳಲ್ಲಿ ಕುಳಿತಿರುವವರಿಗೆ ಹಿರಿಯರಿಗಿಂತ ಹೆಚ್ಚಿನ ಪಾಲಿದೆ.

ಮಗರಪಟ್ಟಾದ ಕಚೇರಿಗಳಲ್ಲಿ ನಮ್ಮ ಅನೇಕ ವಿದ್ಯಾರ್ಥಿಗಳ ತಂದೆತಾಯಿಗಳು ಗಣಕಯಂತ್ರದ ಮುಂದೆ ದುಡಿಯುತ್ತಾರೆ; ಆ ಯಂತ್ರವು ಮನೆಮನೆಗೂ ಬಂದಿದೆ. ಆದರೆ ಯಾವುದನ್ನು ಎಣಿಸಬೇಕೆಂದು ಯಂತ್ರಕ್ಕೆ ತಿಳಿಸುವವನು ಮನುಷ್ಯನೇ. ಅದಕ್ಕೆ ಬೇಕಾದ ಗಣಿತವನ್ನೂ ಭೂಗೋಲವನ್ನೂ ರಸಾಯನವನ್ನೂ ನಮ್ಮ ಬಾಲಕ ಬಾಲಕಿಯರು ತಮ್ಮ ತಾಯ್ನುಡಿಯಲ್ಲಿ ಗಟ್ಟಿಯಾಗಿ ಕಲಿಯಲಿ. ಕಡಮೆ ದರ್ಜೆ ಬಂದಾಗ ಕುಗ್ಗದೆ, ಲೆಕ್ಕವು ಉದ್ದವಾದಾಗ ಬೇಸರಿಸದೆ, ತಾವು ಕಂಡ ಉತ್ತರವನ್ನು ಮತ್ತೊಮ್ಮೆ ತಿದ್ದಿ ನೋಡುವ ಅಭ್ಯಾಸವನ್ನು ಬೆಳೆಸಿಕೊಳ್ಳಲಿ ಎಂದು ನಾವು ಹಾರೈಸುತ್ತೇವೆ.